ಕಮಿಷನರ್ ಕೂತ ಗುರುವಾರ

ನಮ್ಮೂರಿನ ಪೊಲೀಸ್ ಕಮಿಷನರ್ ಕೂರುವಂತಿಲ್ಲ. ಕೂತರೆ ಊರಿನ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ಚಿಲಕ, ಅಗುಳಿ, ಏಳು ಸುತ್ತಿನ ಹಿತ್ತಾಳೆ ಬೀಗ, ಯಾವುದೂ ತಡೆಯುವುದಿಲ್ಲ. ಎದ್ದು ನಿಂತರೆ ಎಲ್ಲವೂ ಮೊದಲಿದ್ದ ಹಾಗೆ ಮುಚ್ಚಿಕೊಳ್ಳುತ್ತವೆ. ಮಲಗಿದರೆ ತೊಂದರೆಯಿಲ್ಲ, ತುದಿಗಾಲಲ್ಲಿ ಕುಕ್ಕರಿಸಿದರೂ ನಡೆಯುತ್ತದೆ, ಅಂಡು ಮಾತ್ರ ಎಲ್ಲಿಯೂ ಊರಬಾರದು. ನಾನು ಫಕ್ಕೀರಪ್ಪ, ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ರೈಟರ್ ಆಗಿದ್ದವನು. ಐದು ಜನ ಕಮಿಷನರ್‌ಗಳಿಗೆ ನಿಂತ ಎತ್ತರಕ್ಕೆ ಫೈಲು ಹಿಡಿದು ಸಹಿ ಹಾಕಿಸಿದ್ದೇನೆ. ಐವರ ಮೊಣಕಾಲು ನೋವಿನ ಎಣ್ಣೆಯ ವಾಸನೆಯೂ ನನಗೆ ಬೇರೆ ಬೇರೆಯಾಗಿ ಗೊತ್ತು.

ಬೇರೆ ಊರುಗಳಲ್ಲಿ ಕಮಿಷನರ್ ಅಂದರೆ ಕಳ್ಳರನ್ನು ಹಿಡಿಸುವವರು, ಮೆರವಣಿಗೆಗೆ ಪರವಾನಿಗಿ ಕೊಡುವವರು, ಮಂತ್ರಿ ಬಂದಾಗ ರಸ್ತೆ ಬಂದ್ ಮಾಡಿಸುವವರು. ಇವೆಲ್ಲ ನಮ್ಮಲ್ಲಿಯೂ ಉಂಟು, ಆದರೆ ಎಲೆಯ ತುದಿಯ ಚಟ್ನಿ ಕೋಸಂಬರಿಯ ಹಾಗೆ. ಊಟ ಅಂದರೆ ನಿಲ್ಲುವುದು. ಅವರ ಜೀಪಿಗೆ ಸೀಟಿಲ್ಲ, ಹಿಡಿದುಕೊಳ್ಳಲು ಒಂದು ಕಂಬಿ ಇದೆ. ಕ್ಷೌರದವನು ಅವರ ತಲೆ ಮುಟ್ಟಲು ಸ್ಟೂಲು ಹತ್ತುತ್ತಾನೆ. ಮಲಗುವ ಮಂಚಕ್ಕೆ ಒಂದು ಹಿಡಿಕೆ ಇದೆ, ಬೆಳಿಗ್ಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಅದನ್ನು ತಿರುಗಿಸಿದರೆ ಮಂಚ ನೆಟ್ಟಗಾಗಿ ಸಾಹೇಬರು ನೇರ ನೆಲಕ್ಕೆ ಇಳಿಯುತ್ತಾರೆ. ಅವರು ಯಾರ ಮನೆಗೆ ಹೋದರೂ ಮನೆಯವರು ಮೊದಲು ಕುರ್ಚಿಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಡಬೇಕು. ಅದು ನಮ್ಮೂರಿನ ಮರ್ಯಾದೆ. ಕಮಿಷನರ್ ಕೋಣೆಯಲ್ಲಂತೂ ಕುರ್ಚಿಯೇ ಇಲ್ಲ. ಅವರೆಲ್ಲ ಅಡ್ಡಾಡಿ ಅಡ್ಡಾಡಿ ಕಿಟಕಿಯಿಂದ ಮೇಜಿನವರೆಗೆ ಕಲ್ಲುಹಾಸು ಸವೆದು, ತೊಳೆದಾಗ ನೀರು ಅಲ್ಲೇ ನಿಲ್ಲುತ್ತಿತ್ತು.

ನನ್ನ ಮೂರನೆಯ ಕಮಿಷನರ್ ಒಮ್ಮೆ ಹಿಟ್ಟಿನ ಗಿರಣಿಯ ಉದ್ಘಾಟನೆಯಲ್ಲಿ ಸೀನಿನ ಮೇಲೆ ಸೀನು ಬಂದು ಜೋಳದ ಚೀಲದ ಮೇಲೆ ಕುಸಿದು, ಮೂರು ಎಣಿಸುವಷ್ಟರಲ್ಲಿ ಎದ್ದುಬಿಟ್ಟಿದ್ದರು. ಆ ಮೂರು ಎಣಿಕೆಯಲ್ಲಿ ಊರಿನ ಅರ್ಧ ಬಚ್ಚಲುಮನೆಗಳು ಬೀದಿಗೆ ಕಂಡವು, ಎರಡು ನಿಶ್ಚಿತಾರ್ಥ ಮುರಿದವು. ಮರುದಿನವೇ ಅವರನ್ನು ಬೀಳ್ಕೊಟ್ಟೆವು.

ಐದನೆಯವರು ಅಂಬುಜಾ ಹಲಗತ್ತಿ ಮೇಡಂ. ನಲವತ್ತೈದರ ಆಸುಪಾಸು, ಎತ್ತರದ ಆಳು, ಒಂದು ಕಡೆ ನಿಲ್ಲುವುದೇ ಗೊತ್ತಿಲ್ಲದವರು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಜನರ ಅಹವಾಲು ಕೇಳುತ್ತಿದ್ದರು, ಅದೂ ನಡೆಯುತ್ತಲೇ. ದೂರು ಕೊಡುವವರು ಅವರ ಹಿಂದೆ ಹಿಂದೆ ನಡೆಯಬೇಕು, ನಾನು ಬರೆಯುತ್ತ ಇಬ್ಬರ ಹಿಂದೆ ನಡೆಯಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲಿನ ಮೀನಖಂಡಗಳು ಮಾತಾಡತೊಡಗುತ್ತಿದ್ದವು. ಆದರೂ ಹೇಳುತ್ತೇನೆ, ಆ ಹೆಂಗಸಿನ ಮೇಲೆ ನನಗೆ ಅಭಿಮಾನವಿತ್ತು. ಆಕೆ ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸುತ್ತಿರಲಿಲ್ಲ.

ಕೌದಿ ಹೊಲಿಯುವ ಕಾಶವ್ವ ಬಂದದ್ದು ಆಷಾಢದ ಒಂದು ಸೋಮವಾರ. ಹಳೆಯ ಸೀರೆ ತುಂಡುಗಳ ಗಂಟು ಕಂಕುಳಲ್ಲಿ, ಸೂಜಿ ಸೆರಗಿನಲ್ಲಿ. ಮೇಡಂ ಹಿಂದೆ ಅವಳು ನಡೆಯಲಿಲ್ಲ. ಕೋಣೆಯ ನಡುವೆ ನೆಲದ ಮೇಲೆ ಕೂತುಬಿಟ್ಟಳು.

"ನನ್ನ ಮಗಳು ಸಾವಂತ್ರೀನ ದೇವೇಂದ್ರಪ್ಪನ ಮನ್ಯಾಗ ಕೂಡಿಹಾಕ್ಯಾರ್ರಿ ಬಾಯಾರ" ಅಂದಳು. "ಗಂಡ ಅನ್ನಾಂವ ಬ್ಯಾರೆ ಊರಾಗ ಬ್ಯಾರೆ ಸಂಸಾರ ಮಾಡ್ಯಾನ. ಇಕಿ ತವರಿಗೆ ಹೊಕ್ಕೀನಿ ಅಂದ್ಲು. ಗಿರಣಿ ಮನೆತನದ ಸೊಸಿ ಮನಿ ಬಿಟ್ಲು ಅನ್ನಿಸಿಕೋಬಾರದಂತ ಮಾಳಿಗಿ ಮ್ಯಾಲಿನ ಖೋಲಿಗೆ ಹಾಕಿ ಚಿಲಕ ಜಡದಾರ. ನಾಕು ತಿಂಗಳಾತು."

"ನೀನು ಕಣ್ಣಾರೆ ಕಂಡೀಯೇನು?"

"ಕೌದಿ ಕೊಡಾಕ ಹಿತ್ತಲಕ್ಕ ಹೋಗಿದ್ದೆ. ಮ್ಯಾಲಿಂದ ಕೆಮ್ಮು ಕೇಳಿಸ್ತು. ಹಡದಾಕಿಗೆ ಮಗಳ ಕೆಮ್ಮು ಗೊತ್ತಾಗಲ್ಲೇನ್ರಿ?"

ದೇವೇಂದ್ರಪ್ಪ ತೊಗರಿ ಗಿರಣಿಯ ಮಾಲೀಕ, ಊರ ಕಮಿಟಿಯ ಹಿರಿಯ ಸದಸ್ಯ. ಮೇಡಂ ಅವತ್ತೇ ಅವನ ಮನೆಗೆ ಹೋದರು. ನಾನೂ ಜೀಪಿನ ಕಂಬಿ ಹಿಡಿದು ಹೋದೆ. ಪಡಸಾಲೆಯ ಕುರ್ಚಿಗಳೆಲ್ಲ ಆಗಲೇ ಗೋಡೆಗೆ ಮುಖ ಮಾಡಿದ್ದವು. ದೇವೇಂದ್ರಪ್ಪ ಬೆಳ್ಳಿ ಲೋಟದಲ್ಲಿ ಮಜ್ಜಿಗೆ ತರಿಸಿದ. ಸೊಸೆ ನಮ್ಮಕ್ಕನ ಜೋಡಿ ಯಾತ್ರೆಗೆ ಹೋಗಿದ್ದಾಳೆ ಅಂದ. ಮೇಡಂ ಮಾಳಿಗೆಯ ಮೆಟ್ಟಿಲ ತುದಿಯ ಬಾಗಿಲು ತೋರಿಸಿ ಅದೇನು ಎಂದು ಕೇಳಿದರು.

"ಅದು ಮುಚ್ಚಿದ ಬಾಗಲಾ ಮೇಡಂ" ಅಂದ ದೇವೇಂದ್ರಪ್ಪ, ಮೀಸೆಗೆ ಹತ್ತಿದ ಮಜ್ಜಿಗೆ ಒರೆಸಿಕೊಳ್ಳುತ್ತ. "ಮುಚ್ಚಿದ ಬಾಗಲಾ ಕಾಯೂದು ನಿಮ್ಮ ಕೆಲಸ. ತಗಿ ಅಂತ ನೀವು ಕೇಳಬಾರದು, ತಗೀತೀನಿ ಅಂತ ನಾ ಹೇಳಬಾರದು."

ಅವನು ಹೇಳಿದ್ದು ಸುಳ್ಳಲ್ಲ. ಕಮಿಷನರ್ ಅಧಿಕಾರ ವಹಿಸಿಕೊಳ್ಳುವಾಗ ಮಾಡುವ ಪ್ರಮಾಣದಲ್ಲಿ ಆ ಮಾತಿದೆ: ಊರಿನವರು ಮುಚ್ಚಿದ್ದನ್ನು ನಾನು ತೆರೆಯೆ, ತೆರೆಯಗೊಡೆ. ಕಳ್ಳನ ಬೆನ್ನು ಹತ್ತಿ ಹೋದ ಪೊಲೀಸರು ಅವನು ಒಳಗೆ ಸೇರಿ ಕದ ಹಾಕಿಕೊಂಡರೆ ಹೊರಗೇ ಕಾಯುತ್ತಿದ್ದರು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಕಾಶವ್ವ ಮರುದಿನವೂ ಬಂದಳು. ಕಚೇರಿಯ ಜಗಲಿಯ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತ ಕೂತಳು. ಮೇಡಂ ಹೊರಬಂದಾಗಲೆಲ್ಲ ಒಂದೇ ಮಾತು.

"ಒಂದ್ಸಲ ಕುಂದರ್ರಿ ಬಾಯಾರ. ಹಾಲು ಉಕ್ಕೂವಷ್ಟು ಹೊತ್ತು ಸಾಕು. ನಾ ಓಡಿಹೋಗಿ ಕರಕೊಂಡು ಬಂದುಬಿಡ್ತೀನಿ."

ಅದನ್ನು ಕೇಳಿದ ಕಾನ್‌ಸ್ಟೇಬಲ್‌ಗಳು ಕಿವಿ ಮುಚ್ಚಿಕೊಂಡರು. ನಮ್ಮೂರಲ್ಲಿ ಕಮಿಷನರ್ ಮುಂದೆ ಕೂರುವ ಮಾತೆತ್ತುವುದು ಮದುವೆ ಮನೆಯಲ್ಲಿ ಸಾವಿನ ಮಾತೆತ್ತಿದ ಹಾಗೆ. ನಾನಂತೂ ಅವಳನ್ನು ಗದರಿಯೇಬಿಟ್ಟೆ. ಜೈಲಿನಲ್ಲಿ ಎಷ್ಟು ಜನ ಇದ್ದಾರೆ ಗೊತ್ತೇನು, ಒಬ್ಬಳ ಸಲುವಾಗಿ ಊರನ್ನೇ ಹಾಳು ಮಾಡುವುದೇನು ಎಂದು ಕೂಗಾಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

ನಾನು ಹಾಗೆ ಕೂಗಾಡಿದ್ದು ಜೈಲಿಗೆ ಹೆದರಿ ಅಲ್ಲ. ಈಗ ಮುಚ್ಚಿಟ್ಟು ಫಲವೇನು, ನನ್ನ ಮನೆಯ ಹಿತ್ತಲ ಕೋಣೆಯಲ್ಲಿ ನನ್ನ ಅಣ್ಣ ಹೊಳೆಬಸಪ್ಪ ಇದ್ದ. ಅವನಿಗೆ ಒಂದೇ ಹುಚ್ಚು, ತಿರುಗುವುದು. ಬೆಳಗಾದರೆ ಎದ್ದು ಊರು ಸುತ್ತುತ್ತಿದ್ದ. ಯಾರದೇ ಮನೆ ಹೊಕ್ಕು ನೀರು ಕೇಳುತ್ತಿದ್ದ, ಕುಡಿದು, ಆ ಮನೆಯ ಮಂದಿಯ ಮುಖವನ್ನೆಲ್ಲ ಒಮ್ಮೆ ನೋಡಿ ಹೊರಡುತ್ತಿದ್ದ. ಯಾರಿಗೂ ಕೈ ಎತ್ತಿದವನಲ್ಲ. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಹದಿನೈದು ದಿನ ಒಳಗಿರಲಿ ಎಂದು ಬಾಗಿಲು ಹಾಕಿದೆ. ಮದುವೆ ಆಗಲಿ ಅಂದುಕೊಂಡೆ, ಬಾಣಂತನ ಮುಗಿಯಲಿ ಅಂದುಕೊಂಡೆ. ಹನ್ನೊಂದು ವರ್ಷವಾಯಿತು. ಎರಡು ಹೊತ್ತು ಊಟ, ಹಬ್ಬಕ್ಕೆ ಹೊಸ ಧೋತರ, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಪರವೂರಿನ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಊರಿಗೆ ಹೇಳಿದ್ದೆ, ಹೇಳಿ ಹೇಳಿ ಒಮ್ಮೊಮ್ಮೆ ನಾನೇ ನಂಬುತ್ತಿದ್ದೆ. ಅವನು ಒಳಗೆ ನಡೆಯುವ ಸದ್ದು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಅಣ್ಣನ ನಡಿಗೆ, ಕಚೇರಿಯಲ್ಲಿ ಮೇಡಂ ನಡಿಗೆ, ನನಗೆ ಎಲ್ಲಿಯೂ ಸುಮ್ಮನೆ ಇರಲು ಆಗುತ್ತಿರಲಿಲ್ಲ.

ಬುಧವಾರ ಕಾಶವ್ವ ಹೊಲಿಯುತ್ತಿರಲಿಲ್ಲ. ಕೌದಿ ಮಡಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಮೇಡಂ ಹೊರಗೆ ಬಂದಾಗ ತಲೆ ಎತ್ತದೆ ಹೇಳಿದಳು.

"ಎರಡು ದಿವಸದಿಂದ ಕೆಮ್ಮು ಕೇಳವಲ್ದು ಬಾಯಾರ."

ಮೇಡಂ ಕೋಣೆಗೆ ಹೋಗಿ ಕದ ಹಾಕಿಕೊಂಡರು. ಮಧ್ಯಾಹ್ನದವರೆಗೆ ಅವರ ಬೂಟಿನ ಸದ್ದು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಹರಿದಾಡಿತು. ಕರೆದಾಗ ಒಳಗೆ ಹೋದೆ. ಅವರ ಕಣ್ಣು ಕೆಂಪಾಗಿತ್ತು.

"ಕಳ್ಳರು ಒಳಗ ಬರಬಾರದು ಅಂತ ನಿಂತೀನಿ ಅಂದ್ಕೊಂಡಿದ್ದೆ ಫಕ್ಕೀರಪ್ಪ" ಅಂದರು. "ಆ ಹುಡುಗಿ ಹೊರಗ ಬರಬಾರದು ಅಂತಾನೂ ನಾನೇ ನಿಂತೀನೇನು?"

"ಕಾಯ್ದೆ ಹಂಗೈತ್ರಿ ಮೇಡಂ."

"ಆರು ವರ್ಷ ಆತು ಕಾಲು ನೀರು ತುಂಬಿ ಗಡಿಗಿ ಆಗ್ಯಾವು. ಯಾವನ ಖೋಲಿಗೆ ನಾನು ಚಿಲಕ ಆಗೀನಿ ಅಂತ ಒಮ್ಮೆನೂ ಕೇಳ್ಲಿಲ್ಲ ನಾನು."

ಜೈಲು, ಖಜಾನೆ, ಮರ್ಯಾದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಿನಗ್ಯಾಕ ಇಷ್ಟು ಅಂಜಿಕೆ ಎಂದು ಅವರು ಕೇಳಿದರು. ಊರಿನ ಸಲುವಾಗಿ ಅಂದೆ. ಅವರು ಮತ್ತೆ ನಡೆಯತೊಡಗಿದರು.

ಗುರುವಾರ ಸಂತೆಯ ದಿನ. ಮೇಡಂ ಬೆಳಿಗ್ಗೆಯೇ ಕವಾಯತು ಎಂದು ಹೇಳಿ ಜೈಲಿನ ಬಾಗಿಲಿಗೆ ಇಪ್ಪತ್ತು ಜನರನ್ನು, ಖಜಾನೆಗೆ ಎಂಟು ಜನರನ್ನು, ಹುಚ್ಚುನಾಯಿ ದೊಡ್ಡಿಗೆ ಇಬ್ಬರನ್ನು ಕಳಿಸಿದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದೇವೇಂದ್ರಪ್ಪನ ಕಿವಿಗೆ ಹತ್ತು ನಿಮಿಷದಲ್ಲಿ ಮುಟ್ಟುತ್ತಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನನ್ನನ್ನು ಕರೆದು, ಒಂದು ಕುರ್ಚಿ ತಾ ಅಂದರು.

ಇಡೀ ಕಚೇರಿಯಲ್ಲಿ ಕುರ್ಚಿಯಿಲ್ಲ. ಎದುರಿನ ಇಮಾಮಸಾಬನ ಚಹದಂಗಡಿಗೆ ಹೋದೆ. ಯಾರಿಗೆ ಕುರ್ಚಿ ಎಂದು ಅವನು ಕೇಳಿದ. ಬಲ್ಬು ಬದಲಿ ಮಾಡಬೇಕು, ಹತ್ತಿ ನಿಲ್ಲಲಿಕ್ಕೆ ಎಂದು ಸುಳ್ಳು ಹೇಳಿ ಹೆಗಲಿಗೇರಿಸಿದೆ. ಅಂಗಡಿಯಿಂದ ಎಡಕ್ಕೆ ಹೋದರೆ ನನ್ನ ಓಣಿ, ಎರಡು ನಿಮಿಷದ ದಾರಿ. ಕಾಲು ತಾನಾಗಿ ಆ ಕಡೆ ತಿರುಗಿತು. ಹಿತ್ತಲ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತರಾಯಿತು, ಹಾಲು ಉಕ್ಕುವಷ್ಟು ಹೊತ್ತಲ್ಲವೇ. ಹತ್ತು ಹೆಜ್ಜೆ ಹೋಗಿರಬೇಕು. ಚಿಲಕ ಕಳಚಿಕೊಂಡ ಮೇಲೆ ಅಣ್ಣ ಒಳಗಿನಿಂದ ದೂಡುತ್ತಾನೆ, ನನ್ನ ಬೆನ್ನಿಗೆ ಅವನ ಕೈ ತಾಗುತ್ತದೆ, ಯಾರು ಎಂದು ಕೇಳುತ್ತಾನೆ. ನಾನು ಏನು ಹೇಳಲಿ? ಹನ್ನೊಂದು ವರ್ಷ ಬಾಗಿಲು ಹಿಡಿದದ್ದು ಚಿಲಕ. ಇನ್ನು ನಾನೇ ಹಿಡಿಯಬೇಕಾಗಿತ್ತು. ಕುರ್ಚಿಯ ಕಾಲು ಕುತ್ತಿಗೆಗೆ ಒತ್ತುತ್ತಿತ್ತು. ಅಳು ಬಂತು. ಹಿಂತಿರುಗಿದೆ.

ಕೋಣೆಗೆ ತಂದು ರೂಢಿಯ ಬಲದಿಂದ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ತಿಳಿದು ತಿರುಗಿಸಲು ಹೋದಾಗ ಮೇಡಂ ನಕ್ಕರು. ಇರಲಿ ಬಿಡು ಅಂದರು. ಕುರ್ಚಿಯ ಹಿಡಿಕೆ ಎರಡೂ ಕೈಯಲ್ಲಿ ಹಿಡಿದು, ತಣ್ಣೀರಿಗೆ ಇಳಿಯುವವರ ಹಾಗೆ ನಿಧಾನವಾಗಿ, ಗೋಡೆ ನೋಡುತ್ತ ಕೂತರು.

ಮೊದಲು ನನ್ನ ಫೈಲುಗಳ ಕಪಾಟು ತೆರೆಯಿತು. ಆಮೇಲೆ ಲಾಕಪ್ಪು. ಆಮೇಲೆ ಬೀದಿ. ಹಂಚಿನ ಮೇಲೆ ಜೋಳದ ಅರಳು ಸಿಡಿದ ಹಾಗೆ ಮೊದಲು ಒಂದೊಂದೇ, ಆಮೇಲೆ ಎಣಿಸಲಾಗದಷ್ಟು. ಸಂತೆಯ ಗದ್ದಲ ಒಮ್ಮೆಗೇ ನಿಂತಿತು. ಜಗಲಿಯಿಂದ ಕಾಶವ್ವ ಎದ್ದು ಕೌದಿ ಬೀಳಿಸಿಕೊಂಡು ಓಡಿದ್ದನ್ನು ಕಿಟಕಿಯಿಂದ ಕಂಡೆ. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

ಅರ್ಧ ಗಂಟೆಗೆ ಅವಳು ಬಂದಳು. ಹೆಗಲಿಗೆ ಆತುಕೊಂಡು ಸಾವಂತ್ರಿ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಕೆಮ್ಮಲು ತ್ರಾಣವಿರಲಿಲ್ಲ. ಆದರೆ ಜೀವವಿತ್ತು, ಕಣ್ಣು ತೆರೆದಿತ್ತು. ಮೇಡಂ ಕತ್ತು ಹೊರಳಿಸಿ ಅವಳನ್ನು ನೋಡಿದರು. ಆಗ ಅವರು ಅತ್ತರು. ನಾನೂ ಅತ್ತೆ. ಇನ್ನು ಏಳ್ರಿ ಮೇಡಂ, ಕೆಲಸ ಮುಗೀತು ಅಂದೆ.

ಅವರು ಏಳುವ ಮೊದಲೇ ಅಂಗಳದಲ್ಲಿ ಗುಜುಗುಜು ಕೇಳಿಸಿತು. ಹೆಡ್ಮಾಸ್ತರರ ತಾಯಿ ನಿಂತಿದ್ದರು. ಆಕೆಯ ವೈಕುಂಠ ಸಮಾರಾಧನೆಯಲ್ಲಿ ನಾನು ಹೋಳಿಗೆ ಉಂಡು ನಾಲ್ಕು ವರ್ಷವಾಗಿತ್ತು. ಆಕೆಯ ಹಿಂದೆ ಓದಲು ಪರವೂರಿಗೆ ಹೋಗಿದ್ದಾಳೆಂದು ಹೇಳಿದ್ದ ಒಬ್ಬ ಹುಡುಗಿ. ಮಾತು ಬಾರದ ಅಣ್ಣತಮ್ಮಂದಿರಿಬ್ಬರು, ಒಬ್ಬರ ಕೈ ಒಬ್ಬರು ಬಿಡದೆ. ಬಿಸಿಲಿಗೆ ಎಲ್ಲರೂ ಕಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದರು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬೇರೆಯವರು ನಡೆದ ಕಡೆಗೆ ತಾವೂ ನಡೆದು ಪೊಲೀಸ್ ಕಚೇರಿ ಮುಟ್ಟಿದ್ದರು. ಅವತ್ತು ನಮ್ಮೂರಲ್ಲಿ ಒಂದು ಸೌಟೂ ಕಳುವಾಗಲಿಲ್ಲ. ಯಾರ ಮನೆಯಿಂದ ಯಾರು ಹೊರಬೀಳುತ್ತಾರೆ ಎಂದು ನೋಡುವುದರಲ್ಲಿ ಕಳ್ಳರಿಗೂ ಪುರುಸೊತ್ತಿರಲಿಲ್ಲ.

ದೇವೇಂದ್ರಪ್ಪ ಕಮಿಟಿಯ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಮುಖ ಕಪ್ಪಿಟ್ಟಿತ್ತು.

"ಮೊದ್ಲು ಏಳ್ರಿ ಮೇಡಂ. ಎದ್ದ ಕ್ಷಣಕ್ಕ ನಿಮ್ಮ ಕೆಲಸ ಹೋತು ಅಂತ ತಿಳೀರಿ."

"ಗೊತ್ತೈತಿ" ಅಂದರು ಮೇಡಂ, ಗೋಡೆಯ ಕಡೆಗೇ ಮುಖ ಮಾಡಿ. "ನಾ ಎದ್ರ ಇವರನ್ನ ಮತ್ತ ಎಳಕೊಂಡು ಹೋಗಿ ಒಳಗ ಹಾಕ್ತೀರಿ. ಒಬ್ಬೊಬ್ಬರ ಹೇಳಿಕಿ ಬರಕೋಬೇಕು. ಎಲ್ಲಿಗೆ ಹೋಗತೀವಿ ಅಂತ ಅವರ ಬಾಯಿಂದ ಕೇಳಬೇಕು. ಅಲ್ಲೀತನಕ ಏಳೂದಿಲ್ಲ. ಫಕ್ಕೀರಪ್ಪ, ಪುಸ್ತಕ ತಾ."

ಹೊಸ ಪುಸ್ತಕದಲ್ಲಿ ಅವರು ಹೇಳಿದ ಹಾಗೆ ಗೆರೆ ಹೊಡೆದೆ. ಹೆಸರು. ಯಾರ ಮನೆ. ಎಂದಿನಿಂದ. ಬಾಗಿಲು ಹಾಕಿದವರು ಯಾರು. ಈಗ ಎಲ್ಲಿಗೆ. ಸಾವಂತ್ರಿಯ ಸಾಲಿನಲ್ಲಿ ದೇವೇಂದ್ರಪ್ಪನ ಹೆಸರು ಬರೆಯುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಈಗ ಎಲ್ಲಿಗೆ ಎಂಬಲ್ಲಿ ದವಾಖಾನೆಗೆ, ಅಲ್ಲಿಂದ ತಾಯಿ ಮನೆಗೆ ಎಂದು ಬರೆದೆ. ಕಾಶವ್ವ ಮಗಳಿಗೆ ಕೌದಿ ಹೊದಿಸಿ ಕರೆದುಕೊಂಡು ಹೋದಳು. ಅಂಗಳದಲ್ಲಿದ್ದ ಜನ ದಾರಿ ಬಿಟ್ಟರು.

ಬರೆಯುತ್ತಿದ್ದೆ, ಆದರೆ ನನ್ನ ಕಿವಿ ಗೇಟಿನ ಕಡೆಗಿತ್ತು. ಅವನು ಈ ಕಡೆ ಬಾರದಿರಲಿ, ಹೊಳೆಯ ಕಡೆಗೋ ಗುಡ್ಡದ ಕಡೆಗೋ ಹೋಗಲಿ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಹನ್ನೊಂದು ಜನರ ಹೇಳಿಕೆ ಮುಗಿದಿತ್ತು. ಹನ್ನೆರಡನೆಯವನು ಒಳಗೆ ಬಂದು ನೀರು ಕೇಳಿದ. ಗಡ್ಡ ಎದೆಯವರೆಗೆ ಇಳಿದಿತ್ತು. ಹೋದ ನಾಗರ ಪಂಚಮಿಗೆ ನಾನು ಕೊಡಿಸಿದ ಧೋತರವನ್ನೇ ಉಟ್ಟಿದ್ದ. ಬೆಳಿಗ್ಗೆಯಿಂದ ತಿರುಗಿ ತಿರುಗಿ ಕಾಲು ಧೂಳಾಗಿತ್ತು. ಮೇಡಂ ತಮ್ಮ ಲೋಟದ ನೀರು ಕೊಟ್ಟರು. ಕುಡಿದು, ನಮ್ಮ ಮುಖವನ್ನೆಲ್ಲ ಒಮ್ಮೆ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದ.

"ಇವರು ಯಾರು ಫಕ್ಕೀರಪ್ಪ?" ಮೇಡಂ ಕೇಳಿದರು.

ಕಮಿಟಿಯವರಿದ್ದರು, ಕಾನ್‌ಸ್ಟೇಬಲ್‌ಗಳಿದ್ದರು, ಇಮಾಮಸಾಬನೂ ಕುರ್ಚಿಯನ್ನು ಹುಡುಕಿಕೊಂಡು ಬಂದಿದ್ದ.

"ನಮ್ಮಣ್ಣ" ಅಂದೆ.

ದೇವೇಂದ್ರಪ್ಪ ಮೀಸೆಯೊಳಗೆ ನಕ್ಕ. ಮೇಡಂ ನಗಲಿಲ್ಲ. "ಬರಿ" ಅಂದರು.

ಹೆಸರು ಬರೆದೆ. ಹೊಳೆಬಸಪ್ಪ. ಯಾರ ಮನೆ ಎಂಬಲ್ಲಿ ನಮ್ಮ ಓಣಿ ಬರೆದೆ. ಎಂದಿನಿಂದ, ಹನ್ನೊಂದು ವರ್ಷ. ಮುಂದಿನ ಖಾನೆಗೆ ಬಂದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಬಾಗಿಲು ಹಾಕಿದವರು ಯಾರೆಂದು ಮೇಡಂ ಅಣ್ಣನನ್ನೇ ಕೇಳಿದರು.

ಅಣ್ಣ ಖಾಲಿ ಖಾನೆಯ ಮೇಲೆ ನಿಂತ ನನ್ನ ಪೆನ್ನು ನೋಡಿದ. "ಯಾರೂ ಹಾಕಿಲ್ರಿ" ಅಂದ. "ಗಾಳಿಗೆ ಬಿದ್ದಿತ್ತು. ಇಂವ ಊಟ ತರ್ತಿದ್ದ."

ಇಪ್ಪತ್ತಾರು ವರ್ಷದಲ್ಲಿ ನಾನು ಯಾರದೇ ಹೇಳಿಕೆಯಲ್ಲಿ ಒಂದಕ್ಷರ ಬದಲಾಯಿಸಿದವನಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ರೈಟರ್ ಕೆಲಸ. ಅವತ್ತು ಮಾತ್ರ ಬದಲಾಯಿಸಿದೆ. ಗಾಳಿ ಎಂದು ಬರೆಯಲಿಲ್ಲ. ಫಕ್ಕೀರಪ್ಪ, ತಮ್ಮ ಎಂದು ಬರೆದೆ.

ಮೇಡಂ ಓದಿ, ಕೂತಲ್ಲೇ ಸಹಿ ಮಾಡಿದರು. ಈಗ ಎಲ್ಲಿಗೆ ಎಂದು ಅಣ್ಣನನ್ನು ಕೇಳಿದರು.

"ಎಲ್ಲಿಗೂ ಇಲ್ರಿ. ಸುಮ್ನ ತಿರಗ್ಯಾಡ್ತೀನಿ."

ಆ ಖಾನೆಯಲ್ಲಿ ತಿರುಗಾಡಲು ಎಂದು ಬರೆದು ಪುಸ್ತಕ ಮುಚ್ಚಿದೆ. ಮೇಡಂ ಕುರ್ಚಿಯ ಹಿಡಿಕೆ ಹಿಡಿದುಕೊಂಡಿದ್ದರು, ಏಳುವವರ ಹಾಗೆ. ಆದರೆ ಏಳಲಿಲ್ಲ.

"ನೀನೂ ಅವರ ಜೋಡಿ ಹೋಗು ಫಕ್ಕೀರಪ್ಪ" ಅಂದರು. "ನೀವು ದೂರ ಮುಟ್ಟೂತನಕ ನಾ ಕುಂತಿರ್ತೀನಿ."

ಅಣ್ಣ ಆಗಲೇ ಗೇಟು ದಾಟಿದ್ದ. ಹನ್ನೊಂದು ವರ್ಷ ನಾಲ್ಕು ಗೋಡೆಯ ನಡುವೆ ನಡೆದವನ ಕಾಲು ನನ್ನ ಕಾಲಿಗಿಂತ ಗಟ್ಟಿಯಾಗಿತ್ತು, ಹಿಡಿಯಲು ಓಡಬೇಕಾಯಿತು. ಸಂತೆ ದಾಟಿದೆವು. ತೆರೆದ ಬಾಗಿಲುಗಳೊಳಗೆ ಜನ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನಮ್ಮ ಓಣಿಯ ತಿರುವು ಬಂದಾಗ ನಾನು ನಿಂತೆ. ಮನೆಗೆ ಹೋಗೋಣವೇ ಎಂದು ಕೇಳಲು ಬಾಯಿ ಬರಲಿಲ್ಲ. ಅವನು ತಿರುಗಿ ನೋಡಿ, ಸಣ್ಣವರಿದ್ದಾಗ ಕರೆಯುತ್ತಿದ್ದ ಹಾಗೆ, ಬಾರಲೇ ಅಂದ. ಹೋದೆ. ಊರ ಹೊರಗಿನ ಕೆರೆಯ ಏರಿ ಹತ್ತುವಾಗ ಹಿಂದೆ ಊರಿನ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡ ಸದ್ದು ಕೇಳಿಸಿತು. ನಾವಿಬ್ಬರೂ ಹೊರಗಿದ್ದೆವು.